ಅತ್ತೆಯ ಕೈ, ಸೊಸೆಯ ಮೂಗು

ಬಿಸಿಲಿನ್ನೂ ದ್ರಾಕ್ಷಿ ತೋಟಕ್ಕೆ ಇಳಿದಿಲ್ಲ. ವೈನ್ ತಯಾರಿಸುವ ನೆಲಮಾಳಿಗೆಯಲ್ಲಿ, ಆಳೆತ್ತರದ ಮರದ ಪೀಪಾಯಿಯೊಂದರ ಕಿಂಡಿಯಿಂದ ಎರಡು ರಬ್ಬರ್ ಬೂಟುಗಳಷ್ಟೇ ಹೊರಗೆ ಕಾಣುತ್ತಿವೆ. ಒಳಗಿನಿಂದ ಬ್ರಷ್ಷಿನ ಪರಪರ ಸದ್ದು, ಜೊತೆಗೆ ಗೊಣಗಾಟ. ಸ್ವಲ್ಪ ಹೊತ್ತಿಗೆ ಸೊಂಟ, ಹೆಗಲು, ಕೊನೆಗೆ ತೊಯ್ದ ತಲೆ ಹಿಮ್ಮುಖವಾಗಿ ಹೊರಬರುತ್ತವೆ.

"ಬಾರೇ, ಒಂದ್ಸಲ ಮೂಸು."

ಪಕ್ಕದಲ್ಲಿ ನಿಂತಿದ್ದ ಸೊಸೆ ಕಿಂಡಿಯೊಳಗೆ ತಲೆ ತೂರಿಸುತ್ತಾಳೆ. "ಹಳೇ ಕೊಡೆ ಬಿಚ್ಚಿದ ಹಾಗಿದೆ ಅತ್ತೆ."

ಅತ್ತೆಗೆ ತಲೆಬುಡ ತಿಳಿಯುವುದಿಲ್ಲ. "ಅದು ಒಳ್ಳೇದೋ ಕೆಟ್ಟದ್ದೋ?"

"ಅದನ್ನ ನೀವಲ್ವಾ ಹೇಳ್ಬೇಕು!"

ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅನುಮಾನ ಬಂದರೆ ಮತ್ತೆ ತೊಳೆಯುವುದು ಇಲ್ಲಿನ ಪದ್ಧತಿ. ಅತ್ತೆ ಮತ್ತೆ ಒಳಗೆ ತೂರುತ್ತಾರೆ, ಬೂಟುಗಳಷ್ಟೇ ಹೊರಗುಳಿಯುತ್ತವೆ.

ಕೆಲಸದವರೆಲ್ಲ ಈ ಅತ್ತೆಯನ್ನು ಕರೆಯುವುದು ಪೀಪಾಯಕ್ಕ ಎಂದೇ. ಮದುವೆಯಾದ ಹೊಸತರಲ್ಲಿ ದ್ರಾಕ್ಷಿ ಕೊಯ್ಯಲು ಬಂದವರು. ಕಿಂಡಿಯಲ್ಲಿ ನುಸುಳುವಷ್ಟು ಸಣಕಲಾಗಿದ್ದರಿಂದ ಪೀಪಾಯಿ ತೊಳೆಯಲು ಒಳಗೆ ಸೇರಿಕೊಂಡರು. "ಮೂರು ಹೆತ್ತೆ, ಆದ್ರೂ ಈ ಕಿಂಡಿ ನನ್ನನ್ನ ಬಿಡ್ಲಿಲ್ಲ," ಎಂದು ನಗುತ್ತಾರೆ. ಕೊಯ್ಲಿಗೆ ಮುಂಚೆ ದಿನಕ್ಕೆ ನಾಲ್ಕು ಪೀಪಾಯಿ ತಿಕ್ಕಬೇಕು. ಮೊದಲು ಉರಿಯುವ ಮೇಣದಬತ್ತಿಯನ್ನು ಒಳಗಿಳಿಸುತ್ತಾರೆ. ಅದು ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲವೆಂದು ಅರ್ಥ. ಆ ದಿನ ಯಾರೂ ಇಳಿಯುವಂತಿಲ್ಲ.

ಬೇರೆ ಕಡೆ ರಾಸಾಯನಿಕ ಸುರಿದು ಕೈತೊಳೆದುಕೊಳ್ಳುತ್ತಾರೆ. ಇದು ಸಾವಯವ ವೈನ್. ಇಲ್ಲಿರುವುದು ಬಿಸಿನೀರು, ಬ್ರಷ್ಷು, ಮೂಗು ಅಷ್ಟೇ. ಮರದೊಳಗೆ ಹುಳಿ ಹೊಕ್ಕಿದ್ದರೆ ತುಂಬಿಸಿದ ಕೆಂಪು ವೈನೆಲ್ಲ ವಿನೆಗರ್ ಆಗಿ, ವರ್ಷದ ದುಡಿಮೆ ಚರಂಡಿ ಪಾಲು. ತುಂಬಿಸಬಹುದೋ ಬೇಡವೋ ಎಂದು ಮೂಸಿ ಹೇಳುತ್ತಿದ್ದವರು ಪೀಪಾಯಕ್ಕ.

ಹೋದ ವರ್ಷ ಒಂದು ಜ್ವರ ಬಂದು ಹೋಯಿತು. ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಮೊದಲು ಅವರಿಗೆ ಅದು ಹೊಳೆಯಲೇ ಇಲ್ಲ. "ಸೋಪಿನೋನು ಮೋಸ ಮಾಡ್ತಿದಾನೆ ಅಂತ ಅಂಗಡೀಲಿ ಜಗಳ ಆಡಿ ಬಂದೆ. ಪಾಪ!" ಒಂದು ದಿನ ಒಲೆಯ ಮೇಲಿನ ಸಾರು ತಳಹಿಡಿದು, ಅಂಗಳದಲ್ಲಿದ್ದ ಗಂಡ ಓಡಿಬಂದರು. ಇವರು ಸೌಟು ಹಿಡಿದು ಅಲ್ಲೇ ನಿಂತಿದ್ದರು.

ಕೊಯ್ಲು ಹತ್ತಿರವಾಯಿತು. ತೋಟದ ಯಜಮಾನರು ಎಂದಿನಂತೆ ಪೀಪಾಯಿ ತಟ್ಟಿ, "ಏನಂತೀರಿ ಅಕ್ಕಾ, ತುಂಬಿಸೋಣ್ವಾ?" ಎಂದರು. ಹೂಂ ಎನ್ನಲು ಬಾಯಿ ತೆರೆದರೆ ಅಳು ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

"ಕೆಲಸ ಹೋಯ್ತು ಅಂದ್ಕೊಂಡೆ. ಅವರು ನಕ್ಕುಬಿಟ್ರು. ಯಾಕೆ ನಕ್ಕರೋ ಇವತ್ತಿಗೂ ನಂಗೆ ಅರ್ಥ ಆಗಿಲ್ಲ. 'ನಿಮ್ಮ ಸೊಸೆಗೆ ಮೂಗಿಲ್ವಾ?' ಅಂದ್ರು."

ಹಣ್ಣು ಆರಿಸುತ್ತಿದ್ದ ಸೊಸೆಗೆ ಹೀಗೆ ಬಡ್ತಿ ಸಿಕ್ಕಿತು. ಮನೆಯಲ್ಲಿ ಪಾಠ ಶುರು: ವಿನೆಗರ್ ಬಾಟಲಿ, ಒದ್ದೆ ರಟ್ಟು, ಬೂಷ್ಟು ಹಿಡಿದ ಹಲಗೆ. "ಇದರ ಥರ ಇತ್ತಾ? ಇಲ್ಲ ಇದರ ಥರಾನಾ?" ಕಲಿಸುವವರಿಗೆ ಗೊತ್ತಾಗುವುದಿಲ್ಲ, ಕಲಿಯುವವಳಿಗೆ ಹೇಳಲು ಬರುವುದಿಲ್ಲ. ಮಗ ಊಟದ ತಟ್ಟೆ ಎತ್ತಿಕೊಂಡು ಅಂಗಳಕ್ಕೆ ಹೋಗತೊಡಗಿದ.

ಅತ್ತೆ ಸೊಸೆ ಹೀಗೆ ತಡಕಾಡುತ್ತಲೇ ತುಂಬಿಸಿದ ವೈನನ್ನು ಕಳೆದ ವಾರ ಮೊದಲ ಬಾರಿಗೆ ಬಾಟಲಿಗೆ ಇಳಿಸಿದರು. ಯಜಮಾನರು ಮೊದಲ ಲೋಟವನ್ನು ಪೀಪಾಯಕ್ಕನ ಕೈಗಿಟ್ಟರು. ಅವರಿಗೆ ಸಿಕ್ಕಿದ್ದು ತುಸು ಹುಳಿ, ತುಸು ಒಗರು, ಗಂಟಲಲ್ಲಿ ಬಿಸಿ. ಹುಳಿ ಹೆಚ್ಚಾಯಿತೋ, ಇಷ್ಟೇ ಇರಬೇಕಿತ್ತೋ? ಗಾಬರಿಯಲ್ಲಿ ಲೋಟವನ್ನು ಸೊಸೆಗೆ ದಾಟಿಸಿದರು.

ಸೊಸೆ ಗುಟುಕರಿಸಿ ಕಣ್ಣು ಮುಚ್ಚಿದಳು. "ಚೆನ್ನಾಗಿದೆ ಅನ್ಸುತ್ತೆ ಅತ್ತೆ. ತಡೀರಿ, ಇನ್ನೊಂದು ಗುಟುಕು ಕುಡಿದು ಹೇಳ್ತೀನಿ."

ಯಜಮಾನರು ಅಷ್ಟರಲ್ಲಿ ತಮ್ಮ ಲೋಟ ಮುಗಿಸಿ ಎರಡನೇ ಸಲ ತುಂಬಿಸಿಕೊಂಡರು. ಉತ್ತರ ಸಿಕ್ಕಿದ್ದು ಆಗಲೇ.

"ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಪೀಪಾಯಿನೂ ಕೆಟ್ಟಿಲ್ಲ," ಎನ್ನುತ್ತಾರೆ ಪೀಪಾಯಕ್ಕ, ಬ್ರಷ್ಷು ಜಾಡಿಸುತ್ತಾ. ಆಮೇಲೆ ಸೊಸೆಯ ಕಡೆ ತಿರುಗಿ, ತುಸು ಗೊಂದಲದಲ್ಲೇ ಸೇರಿಸುತ್ತಾರೆ: "ಈ ಸಲದ್ದು ಯಾರ ಲೆಕ್ಕಕ್ಕೆ ಹಾಕೋದೋ, ಅದೇ ತಿಳೀತಿಲ್ಲ."