ಆಯುಧಪೂಜೆಗೆ ನಾನು ಗುಡಿಸಿದ ಕಂಪ್ಯೂಟರ್

ಚಿನ್ಮಯ, ಮೇಘನಾ, ಇದನ್ನು ನಿಮ್ಮಿಬ್ಬರಿಗೆಂದೇ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಬೀರುವಿನ ಕೆಳಖಾನೆಯಲ್ಲಿ ಹಳೆಯ ರೇಷನ್ ಕಾರ್ಡ್ ಹುಡುಕುವಾಗ ಒಂದು ಕಪ್ಪು ಫ್ಲಾಪಿ ಸಿಕ್ಕಿತು. ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ಕು. ನಿಮ್ಮ ಪೆನ್‌ಡ್ರೈವಿನ ಅಜ್ಜಿ ಎಂದುಕೊಳ್ಳಿ. ಅದಕ್ಕೆ ಅಂಟಿಸಿದ ಬಿಳಿ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ‘ಎದ್ದೇಳದಿದ್ದರೆ ಇದನ್ನು ಹಾಕಿ’ ಎಂದು ಬರೆದಿದೆ. ಟೈಪಿಂಗ್ ಮೇಡಂ ಅವರ ಅಕ್ಷರ. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಹಾಲಿಟ್ಟು ಮರೆತೆ, ಉಕ್ಕಿಹೋಯಿತು. ಒಲೆ ಒರೆಸಿ ಬಂದು ಮತ್ತೆ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದ ಮೇಲೆ ನಾನೂ ನಿಮ್ಮಮ್ಮನೂ ಲಷ್ಕರ್ ಮೊಹಲ್ಲಾದ ಬಾಡಿಗೆ ಮನೆಯಲ್ಲಿದ್ದೆವು. ಬೀದಿಯ ತಿರುವಿನಲ್ಲೇ ಮೇಡಂ ಅವರ ಟೈಪಿಂಗ್ ಶಾಲೆ. ಹಳ್ಳಿಶಾಲೆಯಲ್ಲಿ ಏಳನೇ ತರಗತಿ ಓದಿದ್ದ ನಾನು ನಲವತ್ತರ ಹತ್ತಿರ ಅಲ್ಲಿಗೆ ಸೇರಿದೆ. ಕೊನೆಯ ಬೆಂಚು, ತಗ್ಗಿಸಿದ ತಲೆ. ಮೇಡಂ ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸ್ಕೇಲು. “ಅದೇನ್ ಕಚ್ಚಲ್ಲ ಕಣಮ್ಮ, ಗಟ್ಟಿಯಾಗಿ ಒತ್ತಿ” ಎನ್ನುತ್ತಿದ್ದರು. ಅವರಲ್ಲಿ ಎರಡು ಕಂಪ್ಯೂಟರ್ ಬಂದಾಗ ಫೈಲ್ ತೆರೆಯುವುದು, ಉಳಿಸುವುದು, ಅಳಿಸುವುದು ಎಲ್ಲವನ್ನೂ ಅವರೇ ಕಲಿಸಿದರು.

ನಿಮ್ಮಮ್ಮ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಯಾದವಗಿರಿಯ ದೊಡ್ಡತಾತ, ಅಂದರೆ ನನ್ನ ಭಾವನವರು, ತಮ್ಮ ಹಳೆಯ ಕಂಪ್ಯೂಟರನ್ನು ನಮ್ಮ ಮನೆಗೆ ಕಳಿಸಿದರು. ಊದುಬತ್ತಿ ಹೊಸೆಯುವ ಹೆಂಗಸರ ಬಗ್ಗೆ ಅವಳು ಬರೆಯುತ್ತಿದ್ದ ಕಾಲೇಜಿನ ವರದಿ ಅದರಲ್ಲಿತ್ತು. ಬೇರೆ ಪ್ರತಿ ಇರಲಿಲ್ಲ. ದಸರಾ ರಜೆ ಮುಗಿದ ದಿನವೇ ಕೊಡಬೇಕಿತ್ತು. ಮುಂದೆ ಕಂಪ್ಯೂಟರನ್ನೇ ಕಲಿಯುತ್ತೇನೆ ಎಂದು ಮನೆಯೆಲ್ಲ ಕುಣಿದಾಡುತ್ತಿದ್ದಳು.

ಆಯುಧಪೂಜೆಯ ಹಿಂದಿನ ದಿನ ಅವಳು ಗೆಳತಿಯ ಮನೆಗೆ ಹೋಗಿದ್ದಳು. ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ ಎಲ್ಲ ತಿಕ್ಕಿ ಒರೆಸಿದೆ. ಕಂಪ್ಯೂಟರಿನ ಹೊರಮೈಯನ್ನೂ ಒರೆಸಿದೆ. ಒಳಗಿನದು? ಕೊಳೆ ಇಟ್ಟುಕೊಂಡು ಪೂಜೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ತೆರೆದು ನೋಡಿದರೆ ಒಂದು ಫೋಲ್ಡರಿನ ತುಂಬ ನಾವ್ಯಾರೂ ಬರೆಯದ ಫೈಲುಗಳು, ತಲೆಬುಡವಿಲ್ಲದ ಇಂಗ್ಲಿಷ್ ಹೆಸರುಗಳು. ದೊಡ್ಡತಾತನ ಕಾಲದ ಕಸ ಎಂದುಕೊಂಡೆ. ಮಗಳ ವರದಿಯನ್ನು ಮುಟ್ಟದೆ, ಮೇಲಿನಿಂದ ಸಾಲಾಗಿ ಅಳಿಸುತ್ತ ಬಂದೆ. ಕೈ ಸೋತಾಗ ನಿಲ್ಲಿಸಿದೆ. ಗುಡಿಸಿದ ಕಸವನ್ನು ಮನೆಯೊಳಗೆ ಬಿಡಬಾರದೆಂದು ತೆರೆಯ ಮೇಲಿದ್ದ ಕಸದಬುಟ್ಟಿಯನ್ನೂ ಖಾಲಿ ಮಾಡಿದೆ...

ಮರುದಿನ ದೊಡ್ಡತಾತ ಬಂದು ಪೂಜೆ ಮಾಡಿ, ಕಂಪ್ಯೂಟರಿಗೆ ಕುಂಕುಮ ಇಟ್ಟು ಸೇವಂತಿಗೆ ಮುಡಿಸಿದರು. ಕೊನೆಯ ಅಧ್ಯಾಯ ಬಾಕಿ ಇದೆಯೆಂದು ನಿಮ್ಮಮ್ಮ, ಪೂಜೆಯ ದಿನ ಯಂತ್ರ ಮುಟ್ಟಬೇಡವೆಂದು ನಾನು ಹೇಳಿದರೂ ಕೇಳದೆ, ಸ್ವಿಚ್ ಒತ್ತಿದಳು. ಕಪ್ಪು ತೆರೆ. ಯಾವುದೋ ಫೈಲು ಕಾಣೆಯಾಗಿದೆ, ಮುಂದೆ ಹೋಗಲಾಗದು ಎಂಬ ಬಿಳಿ ಸಾಲು.

“ಯಾವ್ದೋ ಆಟದ ಫ್ಲಾಪಿ ತುರುಕಿರ್ತೀಯ!” ಎಂದು ದೊಡ್ಡತಾತ ಗದರಿದರು. ಗೆಳತಿ ಕೊಟ್ಟ ಫ್ಲಾಪಿಯೊಂದನ್ನು ಅವಳು ಹಿಂದಿನ ವಾರ ಹಾಕಿದ್ದು ನಿಜ. ಅವಳ ಮುಖ ಬಿಳಿಚಿತು. ದೊಡ್ಡತಾತ ರಿಪೇರಿಯವನಿಗೆ ಫೋನ್ ಮಾಡಿದರೆ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಎಂದನಂತೆ. ನಾನು ಚಪ್ಪಲಿಯೂ ಇಲ್ಲದೆ ಮೇಡಂ ಮನೆಗೆ ಓಡಿದೆ.

ಆ ದಿನ ಅವರು ಯಂತ್ರಗಳಿಗೆಲ್ಲ ಬಟ್ಟೆ ಹೊದಿಸಿ ಹೂವಿಟ್ಟಿದ್ದರು. “ಇವತ್ತಾ? ಇವತ್ತು ನಾನ್ ಒಂದ್ ಕೀಲೀನೂ ಮುಟ್ಟಲ್ಲ ಕಣ್ರೀ” ಎಂದವರು ನನ್ನ ಮುಖ ನೋಡಿದರು. “ಮಗು ವರದಿ ಅದ್ರಲ್ಲೇ ಇದ್ಯಾ? ನಡೀರಿ.”

ಬಂದವರೇ ಹೂವನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು. ತಾವು ತಂದ ಫ್ಲಾಪಿಯಿಂದ ಕಂಪ್ಯೂಟರನ್ನು ಎಬ್ಬಿಸಿ, ಕಾಣೆಯಾದ ಫೈಲನ್ನು ಜೊತೆಗೆ ತಂದಿದ್ದ ಸಿ.ಡಿ.ಯಿಂದ ತೆಗೆದು ಅದರ ಜಾಗದಲ್ಲಿಟ್ಟರು. ಆರಿಸಿ ಹಚ್ಚಿದರೆ ಇನ್ನೊಂದು ಹೆಸರು. ಅದನ್ನು ತಂದರೆ ಮತ್ತೊಂದು. “ಇವ್ನ್ ಬಂದ. ಮುಂದಕ್ ಯಾರಪ್ಪಾ ತಪ್ಪಿಸ್ಕೊಂಡೋನು?” ಎನ್ನುತ್ತ ಒಂದೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ನಾನು ಅಡುಗೆಮನೆಗೂ ಹಜಾರಕ್ಕೂ ಓಡಾಡುತ್ತಿದ್ದೆ. ಕೊನೆಗೆ ಅವರು ನಾನು ಗುಡಿಸಿದ್ದ ಆ ಫೋಲ್ಡರಿನ ಪೂರ್ತಿ ಪಟ್ಟಿ ತೆಗೆದರು. ಎ, ಬಿ, ಸಿ ಅಕ್ಷರದಿಂದ ಶುರುವಾಗುವ ಫೈಲುಗಳು ಹೆಚ್ಚುಕಡಿಮೆ ಒಂದೂ ಇರಲಿಲ್ಲ. ತಿರುಗಿ ನನ್ನನ್ನು ನೋಡಿದರು, ಮತ್ತೆ ಕೆಲಸಕ್ಕೆ ತೊಡಗಿದರು.

ಸಂಜೆಯ ಹೊತ್ತಿಗೆ ಕಂಪ್ಯೂಟರ್ ಎದ್ದಿತು. ವರದಿ ಇದ್ದ ಹಾಗೇ ಇತ್ತು. ಮತ್ತೆ ಬೇಕಾದೀತೆಂದು ಫ್ಲಾಪಿಯನ್ನು ನಮಗೇ ಬಿಟ್ಟು ಹೊರಟ ಮೇಡಂ ಗೇಟಿನ ಬಳಿ ನಿಂತರು.

“ಆ ಆಟದ ಫ್ಲಾಪಿಯಿಂದ ಹೋಗಿದ್ರೆ ಅಲ್ಲೊಂದು ಇಲ್ಲೊಂದು ಹೋಗ್ತಿತ್ತು. ಇಷ್ಟು ಅಚ್ಚುಕಟ್ಟಾಗಿ ಗುಡಿಸೋರು ನನ್ ಶಾಲೇಲಿ ಒಬ್ರೇ ಇರೋದು ಕಣಮ್ಮ.”

ನಾನು ಸೆರಗಿನ ತುದಿ ಹಿಡಿದು ನಿಂತೆ.

“ಪಾಪ, ಹುಡುಗಿ ಸುಮ್ನೆ ಬೈಸ್ಕೋತಾ ಇದಾಳೆ. ನೀವೇ ಹೇಳ್ಬುಡಿ. ನಾನ್ ಹೇಳಿದ್ರೆ ಚಾಡಿ ಆಗುತ್ತೆ.”

“ನಾಳೆ ಹೇಳ್ತೀನಿ, ಮೇಡಂ.”

ವರದಿ ಅಚ್ಚಾದ ಕೂಡಲೇ ದೊಡ್ಡತಾತ ಕಂಪ್ಯೂಟರನ್ನು ವಾಪಸು ಒಯ್ದರು. “ನನ್ನಿಂದಲೇ ಹಾಳಾಯ್ತಲ್ಲಮ್ಮ” ಎಂದು ನಿಮ್ಮಮ್ಮ ನನ್ನ ಮಡಿಲಲ್ಲಿ ಅತ್ತಳು. ನಾನು ಅವಳ ತಲೆ ಸವರಿದೆ. ಬಾಯಿ ಮಾತ್ರ ಬಿಡಲಿಲ್ಲ. ಕಂಪ್ಯೂಟರ್ ಕಲಿಯುವ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ.

ಮೇಡಂ ಎದುರಾದಾಗಲೆಲ್ಲ ‘ಹೇಳಿದಿರಾ?’ ಎಂಬಂತೆ ಹುಬ್ಬೇರಿಸುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಆಮೇಲೆ ಆ ತಿರುವನ್ನೇ ಬಿಟ್ಟು ಸುತ್ತುದಾರಿಯಲ್ಲಿ ಹೋಗತೊಡಗಿದೆ. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದೂ ನಾಲ್ಕು ದಿನ ತಡವಾಗಿ. ಹಬ್ಬದ ದಿನ ನಮಗಾಗಿ ತಮ್ಮ ನೇಮ ಮುರಿದವರ ಮುಖವನ್ನು ಕೊನೆಗೊಮ್ಮೆ ನೋಡಲೂ ಆಗಲಿಲ್ಲ... ಈಗ ಆ ಶಾಲೆಯ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆ.

ಇವತ್ತಿಗೂ ಫೋನು ನಿಂತರೆ ನಿಮ್ಮಮ್ಮ ಅದನ್ನು ನಿಮ್ಮ ಕೈಗೆ ಕೊಟ್ಟು, “ನಾನ್ ಮುಟ್ಟಿದ್ರೆ ಕೆಟ್ಟೋಗುತ್ತೆ, ನೀವೇ ನೋಡಿ” ಎನ್ನುತ್ತಾಳೆ. ನೀವು ನಗುತ್ತೀರಿ. ನಾನು ಎದ್ದು ಒಳಗೆ ಹೋಗುತ್ತೇನೆ. ಅವಳು ಮುಟ್ಟಿ ಏನೂ ಕೆಟ್ಟಿರಲಿಲ್ಲ, ಮಕ್ಕಳೇ.

ಬರುವ ಭಾನುವಾರ ಇದನ್ನು ಅವಳಿಗೆ ಓದಿ ಹೇಳಿ. ನನಗೆ ಓದಲು ಧ್ವನಿ ಬಾರದು, ಆದರೆ ಪಕ್ಕದಲ್ಲೇ ಕೂತಿರುತ್ತೇನೆ, ಎದ್ದು ಹೋಗುವುದಿಲ್ಲ. ಕೇಳಿ ಅವಳು ಏನೇ ಅಂದರೂ ಈ ಹಾಳೆಗಳನ್ನು ಮಾತ್ರ ಹರಿಯಬೇಡಿ, ಜೋಪಾನವಾಗಿ ಎತ್ತಿಡಿ.