ಪುಡಿಕವಿಯ ಪದ್ಯದಿಂದ ಜಾರಿದ ಸೋದರಮಾವ

‘ಪುಡಿಕವಿ’ ಎಂಬ ಮಾತು ಕೇಳಿದರೆ ಈಗಲೂ ನನಗೆ ರೇಗುತ್ತದೆ. ಮೊನ್ನೆ ಮೊಮ್ಮಗ ಯಾರನ್ನೋ ಹಾಗೆಂದಾಗ ಗದರಿಬಿಟ್ಟೆ. ಬಳ್ಳಾರಿಯಲ್ಲಿ ಅದರ ಅರ್ಥ, ಮದುವೆ, ಗೃಹಪ್ರವೇಶ, ಮೇಷ್ಟ್ರ ನಿವೃತ್ತಿ ಎಂದು ಕರೆದಲ್ಲಿಗೆಲ್ಲ ಪದ್ಯ ಬರೆದುಕೊಡುವವನು. ಬಳಸುತ್ತಿದ್ದದ್ದು ಮಾತ್ರ ಅವನು ಎದ್ದು ಹೋದ ಮೇಲೆ.

ಎಪ್ಪತ್ತರ ದಶಕದಲ್ಲಿ ನಾನು ಸತ್ಯನಾರಾಯಣಪೇಟೆಯ ಒಂದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದ ಗರ್ವ ಬೇರೆ. ವಾರಪತ್ರಿಕೆಗಳಿಗೆ ಕಳಿಸಿದ ನನ್ನ ಕವಿತೆಗಳು ಹೋದಂತೆಯೇ ವಾಪಸು ಬರುತ್ತಿದ್ದವು. ಆ ಸಿಟ್ಟಿಗೆ ಸಿಕ್ಕವರು ಕುರುಗೋಡಿನ ಒಬ್ಬ ಕವಿಗಳು. ಗುಲಾಬಿ ಹಾಳೆಯಲ್ಲಿ ಮದುವೆಯ ಶುಭಾಶಯ ಪದ್ಯ ಅಚ್ಚು ಹಾಕಿಸಲು ಬರುತ್ತಿದ್ದರು. ಅದನ್ನು ಚಪ್ಪರದಲ್ಲಿ ಓದಿ ಹಂಚುವುದು ರೂಢಿ. ಎರಡೂ ಮನೆಯ ಹಿರಿಯರ ಹೆಸರೆಲ್ಲ ಬರಲೇಬೇಕು.

“ಇದು ಪದ್ಯನೋ ರೇಷನ್ ಕಾರ್ಡೋ?” ಎಂದು ಕೆಣಕುತ್ತಿದ್ದೆ.

“ಹೆಸರು ಬಿಟ್ರ ಮಂದಿ ಊಟ ಬಿಡ್ತಾರ್ರಿ,” ಎಂದು ನಗುತ್ತಿದ್ದರು. ಅವರು ಎದ್ದು ಹೋದ ಮೇಲೆ ನಾನೂ ‘ಪುಡಿಕವಿ’ ಎನ್ನುತ್ತಿದ್ದೆ.

ಒಮ್ಮೆ ಸಿರುಗುಪ್ಪದ ದೊಡ್ಡ ಮನೆತನದ ಮದುವೆಗೆ ಪದ್ಯ ತಂದರು. ಅಲ್ಲಿ ಮೆಚ್ಚಿಕೆಯಾದರೆ ಸುತ್ತಲಿನ ಮದುವೆಗಳೆಲ್ಲ ತಮಗೇ ಎಂಬ ಆಸೆ ಅವರಿಗೆ. ಒಂದು ಸಾಲು ಕುಂಟುತ್ತಿತ್ತು. ಅವರನ್ನು ಕೇಳದೆ ನಾನು ತಿದ್ದಿದೆ. ವರನ ಸೋದರಮಾವನ ಹೆಸರನ್ನು ಕಿತ್ತು, ಆ ಜಾಗದಲ್ಲಿ ಬೆಳದಿಂಗಳನ್ನು ಕೂರಿಸಿದೆ!

ಅಚ್ಚಾದ ಕಟ್ಟನ್ನು ಮದುವೆಮನೆಗೆ ಒಯ್ದವನೂ ನಾನೇ. ಕವಿಗಳು ಓದುತ್ತ ಆ ಸಾಲಿಗೆ ಬಂದು ತಡವರಿಸಿ ನನ್ನತ್ತ ನೋಡಿದರು. ತನ್ನ ಹೆಸರಿಗೆ ಕಾದಿದ್ದ ಸೋದರಮಾವ ಎದ್ದು ನಿಂತ.

“ಹೆಣ್ಣು ಹುಡುಕಾಕ ಊರೂರು ತಿರುಗಿದಾವ ನಾನೋ, ಬೆಳದಿಂಗಳೋ? ಎಲ್ಲಿಂದ ತಂದ್ರಿ ಈ ಪುಡಿಕವೀನ?”

ನನ್ನ ಪದ ಅವನ ಬಾಯಲ್ಲಿ, ತುಂಬಿದ ಚಪ್ಪರದಲ್ಲಿ, ಕವಿಗಳ ಎದುರಿಗೇ.

“ತಪ್ಪಾತ್ರಿ ಯಜಮಾನ್ರ, ನಾನ ಮರೆತೆ,” ಎಂದು ಕವಿಗಳು ಕೈಮುಗಿದರು. ಆದರೂ ಅವನು ಉಣ್ಣದೆ ಹೊರಟ. ನಾನು ಕಂಬದ ಮರೆಗೆ ಸರಿದೆ. ಸಿರುಗುಪ್ಪದವರು ಮತ್ತೆಂದೂ ಅವರನ್ನು ಕರೆಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನನ್ನ ಮಗಳ ಮದುವೆಗೆ ನಾನೇ ಪದ್ಯ ಬರೆಯಲು ಕೂತೆ. ಬೀಗರ ಹೆಸರುಗಳು ಒಂದು ಸಾಲಿನಲ್ಲೂ ನೆಟ್ಟಗೆ ನಿಲ್ಲಲಿಲ್ಲ. ಹಾಳೆ ಹರಿದು ಹರಿದು ಬೇಸತ್ತು, ನಾಚಿಕೆ ಬಿಟ್ಟು ಕುರುಗೋಡಿಗೆ ಹೋದೆ.

“ಬರೀತೀನಿ ಬಿಡ್ರಿ,” ಎಂದರು ಕವಿಗಳು. “ಆದ್ರ ಈ ಸಲ ಬೆಳದಿಂಗಳನ್ನ ನಿಮ್ಮ ಮನ್ಯಾಗ ಇಟ್ಕೊಳ್ರಿ.”

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವರಾಗಲೇ ಪೆನ್ನು ಹಿಡಿದಿದ್ದರು.

“ಹೇಳ್ರಿ. ಮೊದಲು ಸೋದರಮಾವನ ಹೆಸರು.”

ಹೆಸರು ಹೇಳಿದೆ. ಹೇಳಬೇಕಾದ ಇನ್ನೊಂದು ಮಾತು ಹಾಗೇ ಉಳಿಯಿತು.