ಚೀಟಿಯಲ್ಲಿ ಇಪ್ಪತ್ತೇಳು

ಶಾಲೆಗಳು ತೆರೆಯುವ ಮುಂಚಿನ ಮೂರು ವಾರ ಟೈಲರಕ್ಕನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎರಡು ಹೊಲಿಗೆ ಯಂತ್ರ, ಸೊಂಟದೆತ್ತರದ ಕತ್ತರಿಸುವ ಮೇಜು, ಗೋಡೆಗೆ ಒರಗಿಸಿದ ನೀಲಿ ಬಟ್ಟೆಯ ಸುರುಳಿಗಳು, ಇವುಗಳ ನಡುವೆ ಯೂನಿಫಾರ್ಮಿಗೆ ಅಳತೆ ಕೊಡಲು ಬಂದ ಹುಡುಗಿಯರ ಸಾಲು. ಒಬ್ಬೊಬ್ಬಳನ್ನೇ ಪರದೆಯ ಹಿಂದಕ್ಕೆ ಕರೆದೊಯ್ದು ಅವರು ಅಳೆಯುತ್ತಾರೆ. ಅಂಕಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಚೀಟಿಯಲ್ಲಿ ಬರೆದು, ಟೇಪನ್ನು ಇನ್ನೊಮ್ಮೆ ಸುತ್ತಿ, "ಎರಡೂ ಒಂದೇ ಇದೆಯಾ, ನೀನೇ ನೋಡ್ಕೋ ಪುಟ್ಟಿ" ಎನ್ನುತ್ತಾರೆ. ಹುಡುಗಿ ನೋಡಿ ತಲೆಯಾಡಿಸುವವರೆಗೆ ಬಟ್ಟೆಗೆ ಕತ್ತರಿ ಬೀಳುವುದಿಲ್ಲ.

ಅವರ ಬಗ್ಗೆ ಬರೆಯಲೆಂದು ಹೋಗಿದ್ದ ನಾನು, ಈ ಪದ್ಧತಿ ಎಲ್ಲಿಂದ ಬಂತು ಎಂದು ಮೊದಲ ಭೇಟಿಯಲ್ಲೇ ಕೇಳಿದ್ದೆ. ನಕ್ಕು ಮಾತು ಮರೆಸಿದ್ದರು. ನಾಲ್ಕನೆಯ ಭೇಟಿಯಲ್ಲಿ, ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತ, ತಲೆಯೆತ್ತದೆ ಹೇಳಿದರು: "ಹೊಟ್ಟೆಕಿಚ್ಚಿಂದ ಬಂತು. ಬರ್ಕೊಳ್ಳಿ."

ಟೈಲರಕ್ಕನಿಗೆ ಈಗ ಐವತ್ತಮೂರು. ಅಂಗಡಿ ಅವರ ತಾಯಿಯದು. ತಂದೆ ಲಾರಿ ಓಡಿಸುತ್ತಿದ್ದರು. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ತಾಯಿ ಕತ್ತರಿ ಹಿಡಿದ ಮೇಲೆ ಟೇಪನ್ನು ಮುಟ್ಟುತ್ತಿರಲಿಲ್ಲ. ಅಳೆದು ಬರೆಯುವುದು ಹತ್ತನೆಯ ವಯಸ್ಸಿನಿಂದಲೂ ಹಿರಿಯ ಮಗಳಾದ ಟೈಲರಕ್ಕನ ಕೆಲಸ. ಚೀಟಿಯನ್ನು ಗುಂಡುಸೂಜಿಯಿಂದ ಬಟ್ಟೆಗೆ ಚುಚ್ಚಿಟ್ಟರೆ, ತಾಯಿ ಅದರಲ್ಲಿದ್ದಂತೆ ಕತ್ತರಿಸುತ್ತಿದ್ದರು, ಮರುಪ್ರಶ್ನೆ ಇಲ್ಲ. ಹದಿಮೂರು ತಿಂಗಳು ಚಿಕ್ಕವಳಾದ ತಂಗಿಗೆ ಟೇಪ್ ಮುಟ್ಟಲು ಅಪ್ಪಣೆ ಇರಲಿಲ್ಲ. "ಕೊರಳಿಗೆ ಟೇಪ್ ಹಾಕ್ಕೊಂಡ್ರೆ ರಾಣಿ ಥರ ಅನ್ನಿಸ್ತಿತ್ತು" ಎಂದು ಟೈಲರಕ್ಕ ನೆನೆಯುತ್ತಾರೆ.

ಅವರಿಗೆ ಹದಿನಾಲ್ಕು ತುಂಬಿದ ವರ್ಷ ತಂಗಿ ಸರಸರನೆ ಬೆಳೆದಳು. ಓಣಿಯವರು ಅವಳನ್ನು 'ಏಣಿ' ಎಂದು ಕರೆಯತೊಡಗಿದರು. ಎದೆ ತುಂಬಿತು, ಮುಖಕ್ಕೆ ಹೊಸ ಕಳೆ ಬಂತು. ಒಂದು ಮಧ್ಯಾಹ್ನ ತಾಯಿ ಅವಳನ್ನು ಒಳಕೋಣೆಗೆ ಕರೆದು, ಬಾಗಿಲು ಮುಚ್ಚಿ, ಅರ್ಧ ಗಂಟೆ ಪಿಸುಗುಟ್ಟಿದರು. ಅಕ್ಕನಿಗೆ ಇನ್ನೂ ಮುಟ್ಟು ಶುರುವಾಗಿರಲಿಲ್ಲ. ಬಾಗಿಲ ಹೊರಗೆ ಒಂದು ಅಂಚನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿಯುತ್ತ ಕುಳಿತಿದ್ದರು.

"ಆ ಪಿಸುಮಾತು ನನಗೆ ಬರಬೇಕಿತ್ತು, ಮೊದಲು ಹುಟ್ಟಿದವಳು ನಾನು" ಎಂದರು ಟೈಲರಕ್ಕ. "ವಾರವಾರ ನನ್ನ ಮೈಗೆ ನಾನೇ ಟೇಪ್ ಸುತ್ತಿ ನೋಡ್ಕೋತಿದ್ದೆ. ಎದೆ ಇಪ್ಪತ್ತೇಳು. ಮುಂದಿನ ವಾರ ಇಪ್ಪತ್ತೇಳು. ಟೇಪೇ ಕೆಟ್ಟಿದೆಯೇನೋ ಅಂತ ಮೇಜಿನ ಅಳತೆ ಕೂಡ ತಗೊಂಡೆ."

ಅಂಗಡಿಗೆ ಬಂದವರು ತಂಗಿಯನ್ನು ತೋರಿಸಿ, "ಇವಳೇ ದೊಡ್ಡವಳಾ?" ಎನ್ನುತ್ತಿದ್ದರು. ಆ ವರ್ಷ ಹೊಸ ಫ್ರಾಕು ಹೊಲಿದದ್ದು ಏಣಿಗೆ ಮಾತ್ರ. ಅಕ್ಕ ಕೇಳಿದಾಗ ತಾಯಿ, "ನಿನಗೆ ಹೋದ ವರ್ಷದ್ದೇ ಅಚ್ಚುಕಟ್ಟಾಗಿ ಕೂರುತ್ತಲ್ಲೇ, ಹೊಸದು ಯಾಕೆ?" ಎಂದರು. ತಾಯಿಗೆ ಅದು ಬಟ್ಟೆಯ ಮಾತು. ಮಗಳಿಗೆ ತೀರ್ಪಿನಂತೆ ಕೇಳಿಸಿತು.

ಏಣಿಯನ್ನು ಅಳೆಯುವ ದಿನ ಬಂತು. ಎದೆಗೆ ಟೇಪ್ ಸುತ್ತಿದಾಗ ಮೂವತ್ತು.

"ಎಷ್ಟೇ ಅಕ್ಕ?"

"ಅಲುಗಾಡಬೇಡ, ಏಣಿ ಜಾರುತ್ತೆ."

"ಹೇಳೇ, ನನ್ನ ಮೈ ಅಲ್ವಾ?"

"ಅಮ್ಮನಿಗೆ ಹೇಳ್ತೀನಿ. ನೀನೇನು ಕತ್ತರಿಸ್ತೀಯಾ?"

ಮೂವತ್ತು ಎಂದು ಬರೆಯಲು ಪೆನ್ಸಿಲು ಏಳಲಿಲ್ಲ. ಟೈಲರಕ್ಕ ಇಪ್ಪತ್ತೇಳು ಎಂದು ಬರೆದರು. ತಂಗಿಯ ಚೀಟಿಯಲ್ಲಿ ತಮ್ಮದೇ ಅಳತೆ. ಸೊಂಟವನ್ನೂ ಹಾಗೆಯೇ ಬರೆದರು. ಕೇಡು ಮಾಡಬೇಕೆಂದೇನೂ ಇರಲಿಲ್ಲ, ಆ ಒಂದು ಕಾಗದದ ಮೇಲಾದರೂ ಇಬ್ಬರೂ ಸಮವಾಗಿರಲಿ ಅನ್ನಿಸಿತ್ತು ಎಂದು ಅವರು ವಿವರಿಸಿದರು. ತಕ್ಷಣವೇ ಸೇರಿಸಿದರು: "ಸುಳ್ಳು ಯಾಕೆ, ಬಿಗಿಯಾಗಲಿ ಅಂತಲೂ ಇತ್ತು."

ಹದಿನೈದು ದಿನದ ಮೇಲೆ ಫ್ರಾಕು ಸಿದ್ಧವಾಯಿತು. ಏಣಿ ಉಸಿರು ಬಿಗಿಹಿಡಿದರಷ್ಟೇ ಅದರ ಬೆನ್ನಿನ ಕೊಂಡಿ ಬೀಳುತ್ತಿತ್ತು. "ಒಳಗೆ ಬಟ್ಟೆ ಬಿಟ್ಟಿದ್ದೀನಿ, ಅಕ್ಕ ಹೊಲಿಗೆ ಬಿಚ್ಚಿ ಸಡಿಲ ಮಾಡ್ತಾಳೆ" ಎಂದು ತಾಯಿ ಮುಂದಿನ ಕೆಲಸಕ್ಕೆ ಹೋದರು. ಅಕ್ಕ ನಾಳೆ ನಾಳೆ ಎಂದು ತಳ್ಳಿದರು. ಅಷ್ಟರಲ್ಲಿ ಏಣಿ ಫ್ರಾಕಿನ ಚೀಟಿ ಬಿಚ್ಚಿ ಓದಿದಳು. ಅಂಗಡಿ ಖಾಲಿಯಾಗಿದ್ದಾಗ ಕದ್ದು ಟೇಪ್ ಸುತ್ತಿಕೊಂಡಳು. ಚೀಟಿಯಲ್ಲಿ ಇಪ್ಪತ್ತೇಳು, ಮೈಯಲ್ಲಿ ಮೂವತ್ತು. ಹದಿನೈದು ದಿನದಲ್ಲಿ ಮೂರು ಇಂಚು ದಪ್ಪಗಾಗಿದ್ದೇನೆ ಎಂದು ಅವಳು ನಂಬಿದಳು. ನಂಬದಿರಲು ಕಾರಣವೂ ಇರಲಿಲ್ಲ. ಆ ಮನೆಯಲ್ಲಿ ಚೀಟಿ ತಪ್ಪಿದ್ದೇ ಇಲ್ಲ.

ಅಕ್ಕ ಕೊನೆಗೆ ಹೊಲಿಗೆ ಬಿಚ್ಚಲು ಕೂತಾಗ ಏಣಿ ಫ್ರಾಕನ್ನು ಕಿತ್ತುಕೊಂಡಳು. "ಬಿಚ್ಚಬೇಡ. ನಾನೇ ಇದಕ್ಕೆ ಸರಿಹೋಗ್ತೀನಿ."

ಮಧ್ಯಾಹ್ನದ ಡಬ್ಬಿಯನ್ನು ಅವಳು ಪಕ್ಕದ ಬೆಂಚಿನವರಿಗೆ ಕೊಡತೊಡಗಿದಳು. ರಾತ್ರಿ ತಲೆನೋವೆಂದು ಅರ್ಧ ತಟ್ಟೆಗೇ ಏಳುತ್ತಿದ್ದಳು. ತಾಯಿ ಯೂನಿಫಾರ್ಮುಗಳ ರಾಶಿಯಲ್ಲಿ ಮುಳುಗಿದ್ದರು. ಅಕ್ಕನಿಗೆ ಎಲ್ಲ ಗೊತ್ತಿತ್ತು. ಡಬ್ಬಿಯ ವಿಷಯ ತಂಗಿಯ ತರಗತಿಯವರೇ ಹೇಳಿದ್ದರು. "ಅವಳ ಕೆನ್ನೆ ಇಳಿದಾಗ ಮೊದಲು ಖುಷಿಯಾಯ್ತು. ಆಮೇಲೆ ಹೆದರಿಕೆ. ಅದರ ಮೇಲೆ ಇನ್ನೊಂದು ಹೊಟ್ಟೆಕಿಚ್ಚು: ಸಣ್ಣಗಾದರೂ ಚೆಂದ ಕಾಣ್ತಿದ್ದಳಲ್ಲ ದರಿದ್ರದವಳು!"

ಮೂರನೆಯ ತಿಂಗಳು ಏಣಿ ಶಾಲೆಯ ಮೆಟ್ಟಿಲಿನ ಮೇಲೆ ತಲೆತಿರುಗಿ ಬಿದ್ದಳು. ಸುದ್ದಿ ಕೇಳಿ ತಾಯಿ, ಅಕ್ಕ ಇಬ್ಬರೂ ಆಸ್ಪತ್ರೆಗೆ ಓಡಿದರು. ಹುಬ್ಬಿನ ಮೇಲೆ ಮೂರು ಹೊಲಿಗೆ ಹಾಕಿದರು. ಆಸ್ಪತ್ರೆಯ ಡಾಕ್ಟರಮ್ಮ ತೂಕ ನೋಡಿ, ರಕ್ತ ಪರೀಕ್ಷಿಸಿ, ನಾಲ್ಕೈದು ಪ್ರಶ್ನೆ ಕೇಳಿದರು. ಎರಡು ತಿಂಗಳಿಂದ ಮುಟ್ಟು ನಿಂತಿದೆ ಎಂಬುದು ತಾಯಿಗೆ ಆಗಲೇ ತಿಳಿದದ್ದು.

"ಊಟ ಯಾಕೆ ಬಿಟ್ಟೆ ಮಗಳೇ?"

"ಬಿಟ್ಟಿಲ್ಲ ಡಾಕ್ಟ್ರೇ, ಕಮ್ಮಿ ಮಾಡಿದ್ದೀನಿ. ಹದಿನೈದು ದಿನಕ್ಕೆ ಮೂರು ಇಂಚು ಊದಿದ್ದೀನಿ."

"ಹಾಗೆ ಯಾರೂ ಊದಲ್ಲಮ್ಮ. ಬೆಳೆಯೋ ವಯಸ್ಸು, ಮೈ ತುಂಬಿಕೊಳ್ಳಲೇಬೇಕು."

"ಲೆಕ್ಕ ಇದೆ, ನೋಡಿ." ಏಣಿ ಜಾಮಿಟ್ರಿ ಪೆಟ್ಟಿಗೆಯಿಂದ ಮಡಚಿಟ್ಟ ಚೀಟಿ ತೆಗೆದಳು. ತಾಯಿ ಓದಿ, ಹೌದು ಎನ್ನುವಂತೆ ಡಾಕ್ಟರಮ್ಮನನ್ನು ನೋಡಿದರು. ಚೀಟಿಯ ಮೇಲೆ ತಾಯಿಗೆ ಅಷ್ಟು ಭರವಸೆ.

ಬಾಯಿಬಿಟ್ಟರೆ ಕೊರಳಿನ ಟೇಪ್ ಹೋಗುತ್ತದೆ ಎಂಬುದು ಟೈಲರಕ್ಕನಿಗೆ ಆ ಕ್ಷಣದಲ್ಲೇ ಹೊಳೆದಿತ್ತು. ಬಿಡದಿದ್ದರೆ ಏಣಿ ಮತ್ತೆ ಡಬ್ಬಿ ದಾನ ಮಾಡುತ್ತಾಳೆ.

"ಅದು ನನ್ನ ಅಳತೆ ಅಮ್ಮ" ಎಂದರು. "ಅವಳದು ಅವತ್ತೂ ಮೂವತ್ತೇ ಇತ್ತು."

ತಾಯಿ ಹೊಡೆಯಲಿಲ್ಲ. ಅಂಗಡಿಯಿಂದ ಓಡಿಬಂದ ಗಡಿಬಿಡಿಯಲ್ಲಿ ಮಗಳ ಕೊರಳಲ್ಲೇ ಉಳಿದಿದ್ದ ಟೇಪನ್ನು ಎಳೆದು, ಸುತ್ತಿ, ತಮ್ಮ ಚೀಲಕ್ಕೆ ಹಾಕಿಕೊಂಡರು. "ನಾಳೆಯಿಂದ ಗುಂಡಿ ಹಚ್ಚು" ಎಂದರು, ಅಷ್ಟೇ. ಡಾಕ್ಟರಮ್ಮ ಮಾತ್ರ ಅಕ್ಕನ ಕಡೆ ತಿರುಗಿ, "ನಿನಗೆ ಇನ್ನೂ ಶುರುವಾಗಿಲ್ಲ ಅಲ್ವಾ? ಹದಿನೈದು ತುಂಬಲಿ, ಆಗಲೂ ಆಗದಿದ್ದರೆ ಬಾ. ಅಲ್ಲಿವರೆಗೆ ಅವಳನ್ನ ನೋಡಿ ನಿನ್ನನ್ನ ಅಳ್ಕೋಬೇಡ" ಎಂದರು. ಅಷ್ಟು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಏಣಿ ಇಪ್ಪತ್ತು ದಿನ ಮಾತುಬಿಟ್ಟಳು, ಊಟ ಬಿಡಲಿಲ್ಲ. ಮುಟ್ಟು ಮರಳಲು ನಾಲ್ಕು ತಿಂಗಳು ಹಿಡಿಯಿತು. ಟೈಲರಕ್ಕ ವರ್ಷವಿಡೀ ಗುಂಡಿ ಹಚ್ಚಿದರು. ಟೇಪ್ ಏಣಿಯ ಕೊರಳಿಗೆ ಹೋಯಿತು. ಅದನ್ನು ನೋಡುವುದು ಆಸ್ಪತ್ರೆಯ ದಿನಕ್ಕಿಂತ ಕಷ್ಟವಾಗಿತ್ತೆಂದು ಅವರು ಒಪ್ಪಿಕೊಳ್ಳುತ್ತಾರೆ.

ಹದಿನೈದು ತುಂಬಲು ಒಂದು ತಿಂಗಳಿರುವಾಗ ಅವರಿಗೂ ಶುರುವಾಯಿತು. ತಾಯಿ ಬಾಗಿಲು ಮುಚ್ಚಿ ಅವರೊಂದಿಗೂ ಪಿಸುಗುಟ್ಟಿದರು. ಮುಂದಿನ ಹಂಗಾಮಿಗೆ ಹೊಸ ಫ್ರಾಕಿನ ಅಳತೆ ತೆಗೆದವಳು ಏಣಿ.

"ಇಪ್ಪತ್ತೆಂಟೂವರೆ."

"ಇಪ್ಪತ್ತೊಂಬತ್ತು ಅಂತ ಬರಿಯೇ, ಅರ್ಧ ಇಂಚಲ್ಲಿ ಏನು ಹೋಗುತ್ತೆ?"

"ಹುಬ್ಬು ಹೋಗುತ್ತೆ" ಎಂದು ಏಣಿ ಇಪ್ಪತ್ತೆಂಟೂವರೆಯನ್ನೇ ಬರೆದಳು. ಆಮೇಲೆ ಟೇಪನ್ನು ಇನ್ನೊಮ್ಮೆ ಸುತ್ತಿ, ಚೀಟಿಯನ್ನು ಪಕ್ಕಕ್ಕೆ ಹಿಡಿದು, "ಎರಡೂ ಒಂದೇ ಇದೆಯಾ, ನೀನೇ ನೋಡ್ಕೋ" ಎಂದಳು.

ನನ್ನ ಕೊನೆಯ ಭೇಟಿಯ ದಿನ ಏಣಿಯೇ ಅಂಗಡಿಗೆ ಬಂದಿದ್ದರು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬಂದರು. ಹುಬ್ಬಿನ ಮೇಲೆ ಬಿಳಿಯ ಗೆರೆ. ಪರದೆಯ ಹಿಂದೆ ಅಳತೆ ನಡೆಯಿತು. ಚೀಟಿಯನ್ನು ಅವರೂ ಟೇಪಿನೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಹೊರಟರು. ಟೈಲರಕ್ಕ ಆ ಚೀಟಿಯನ್ನು ಬಟ್ಟೆಗೆ ಚುಚ್ಚುತ್ತ, ಬೀದಿಯಲ್ಲಿ ದೂರವಾಗುತ್ತಿದ್ದ ತಂಗಿಯನ್ನು ನೋಡಿದರು.

"ಮೂರು ಮಕ್ಕಳ ತಾಯಿ. ಸೊಂಟ ಹೋದ ವರ್ಷದ್ದೇ, ಒಂದು ಗೆರೆ ಹೆಚ್ಚಿಲ್ಲ. ಬರೀವಾಗ ಈಗಲೂ ಕೈ ತಡೆಯುತ್ತೆ ನೋಡಿ."

ಚೀಟಿಯಲ್ಲಿ ಸರಿಯಾದ ಅಂಕಿಯೇ ಇತ್ತು. ಪೆನ್ಸಿಲನ್ನು ಒತ್ತಿ ಬರೆದಿದ್ದರಿಂದ ಕಾಗದ ಅಲ್ಲಲ್ಲಿ ಹರಿದಿತ್ತು.